ದುಡ್ಡು ಕೊಟ್ಟು ಗಾಯಕರನ್ನು ಭೇಟಿಯಾಗುವ ಮುನ್ನ: ಮೀಟ್ ಅಂಡ್ ಗ್ರೀಟ್ ಕೊಳ್ಳುವವರ ಕೈಪಿಡಿ

ವರ್ಷಗಟ್ಟಲೆ ಕಿವಿಗೆ ಹಚ್ಚಿಕೊಂಡು ಕೇಳಿದ ದನಿ ಕೊನೆಗೂ ಹತ್ತಿರದ ವೇದಿಕೆಗೆ ಬರುತ್ತಿದೆ. ಟಿಕೆಟ್ ಪುಟ ತೆರೆದರೆ ಮಾಮೂಲಿ ಸೀಟುಗಳ ಪಕ್ಕದಲ್ಲೇ ಇನ್ನೊಂದು ಸಾಲು: ವಿಐಪಿ ಪ್ಯಾಕೇಜ್, ಮೀಟ್ ಅಂಡ್ ಗ್ರೀಟ್. ಬೆಲೆ ಮೂರು ನಾಲ್ಕು ಪಟ್ಟು. ಮೇಲಿಂದ ‘ಕೆಲವೇ ಉಳಿದಿವೆ’ ಎಂಬ ಅವಸರ ಬೇರೆ. ಈ ಅವಸರದಲ್ಲಿ ಒಳಗೇನಿದೆ ಎಂದು ಓದದೆ ಕೊಂಡವರೇ ಆಮೇಲೆ ಹೆಚ್ಚು ಪೇಚಾಡುತ್ತಾರೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡ ಕಲಾವಿದರ ಮೀಟ್ ಅಂಡ್ ಗ್ರೀಟ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಅರ್ಧ ನಿಮಿಷ ಮತ್ತು ಒಂದು ಫೋಟೋ. ಎದುರು ನಿಂತು ಒಂದು ಮಾತು ಹೇಳಿ, ಆ ಗಳಿಗೆಯ ಚಿತ್ರ ಮನೆಗೆ ತಂದರೆ ಸಾಕು ಎನ್ನುವವರಿಗೆ ಇದು ನಿಜಕ್ಕೂ ಸಾರ್ಥಕ. ಕೂತು ಮಾತಾಡಬೇಕು, ಹಾಡು ಹುಟ್ಟಿದ್ದು ಹೇಗೆಂದು ಕೇಳಬೇಕು, ಅವರ ನೆನಪಿನಲ್ಲಿ ಉಳಿಯಬೇಕು ಎಂಬ ಆಸೆಯಿದ್ದರೆ ಈ ಸಾಲಿನಲ್ಲಿ ನಿಲ್ಲಬೇಡಿ. ಅದೇ ದುಡ್ಡಿಗೆ ಬೇರೆ ದಾರಿಗಳಿವೆ, ಅವೂ ಮುಂದೆ ಬರುತ್ತವೆ.

ಪ್ಯಾಕೇಜಿನ ಹೆಸರು ಬಿಡಿ, ಒಳಗಿನ ಪಟ್ಟಿ ಓದಿ

‘ವಿಐಪಿ’ ಎಂದರೆ ಭೇಟಿ ಎಂದು ಅರ್ಥವಲ್ಲ. ವಿಐಪಿ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಪ್ಯಾಕೇಜುಗಳಲ್ಲಿ ಕಲಾವಿದರ ಸುಳಿವೇ ಇರುವುದಿಲ್ಲ. ಮುಂದಿನ ಸಾಲಿನ ಸೀಟು, ಪ್ರತ್ಯೇಕ ಗೇಟು, ಒಂದು ಪೋಸ್ಟರ್, ಕೊರಳಿಗೆ ಹಾಕಿಕೊಳ್ಳುವ ಲ್ಯಾಮಿನೇಟ್ ಕಾರ್ಡು, ಅಷ್ಟೇ. ಆದ್ದರಿಂದ ವಿವರದ ಪ್ರತಿ ಸಾಲನ್ನೂ ಬಿಡಿಬಿಡಿಯಾಗಿ ಓದಿ. ಯಾವ ಪದಕ್ಕೆ ಏನರ್ಥ ಎಂಬುದು ತಿಳಿದಿರಬೇಕು.

‘ವೈಯಕ್ತಿಕ ಫೋಟೋ’ ಎಂದಿದ್ದರೆ ನೀವು ಮತ್ತು ಕಲಾವಿದರು ಮಾತ್ರ. ‘ಗ್ರೂಪ್ ಫೋಟೋ’ ಎಂದಿದ್ದರೆ ಹತ್ತು ಹದಿನೈದು ಅಪರಿಚಿತರ ನಡುವೆ ನೀವೂ ಒಬ್ಬರು. ಬರೀ ‘ಫೋಟೋ ಅವಕಾಶ’ ಎಂದಿದ್ದರೆ ಅದು ಕಲಾವಿದರ ಜೊತೆಗೋ, ಖಾಲಿ ವೇದಿಕೆಯ ಮುಂದೋ, ಅವರ ಚಿತ್ರವಿರುವ ಪರದೆಯ ಮುಂದೋ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ‘ಸಹಿ ಮಾಡಿದ ಪೋಸ್ಟರ್’ ಎಂದರೆ ಮೊದಲೇ ಸಹಿ ಹಾಕಿಟ್ಟದ್ದು. ನೀವು ಒಯ್ದ ಆಲ್ಬಮ್ಮಿಗೆ ಅಲ್ಲಿ ಸಹಿ ಸಿಗುತ್ತದೆ ಎಂದು ಅದರಿಂದ ತಿಳಿಯಬಾರದು. ‘ಬ್ಯಾಕ್‌ಸ್ಟೇಜ್ ಟೂರ್’ ಮಾಡಿಸುವವರು ಸಾಮಾನ್ಯವಾಗಿ ತಂಡದ ಸಿಬ್ಬಂದಿ. ‘ಬ್ಯಾಂಡಿನ ಸದಸ್ಯರೊಂದಿಗೆ’ ಎಂಬಲ್ಲಿ ಎಲ್ಲ ಸದಸ್ಯರೂ ಬರುತ್ತಾರೆಂಬ ಮಾತಿಲ್ಲ, ಮುಖ್ಯ ಗಾಯಕರೇ ಗೈರಾಗಬಹುದು. ಇನ್ನು ‘ಒಳಗೊಂಡಿರಬಹುದು’ ಎಂಬ ಪದ ಕಂಡರೆ, ಆ ಸಾಲಿನ ಬೆಲೆ ಸೊನ್ನೆ ಎಂದು ಹಿಡಿದು ಲೆಕ್ಕ ಹಾಕಿ.

ಇನ್ನೊಂದು ಪದದಲ್ಲಿ ಬಹಳ ಜನ ಎಡವುತ್ತಾರೆ: ‘ಅಪ್‌ಗ್ರೇಡ್’. ಪ್ಯಾಕೇಜಿನಲ್ಲಿ ಕಾರ್ಯಕ್ರಮದ ಟಿಕೆಟ್ ಸೇರಿರುತ್ತದೆ, ಅಪ್‌ಗ್ರೇಡಿನಲ್ಲಿ ಸೇರಿರುವುದಿಲ್ಲ. ಅಪ್‌ಗ್ರೇಡ್ ಒಂದನ್ನೇ ಕೊಂಡು ಬಂದವರು ಕಲಾವಿದರಿಗೆ ಕೈಕುಲುಕಿ, ಹಾಡು ಕೇಳದೆ ಹೊರಗೆ ಹೋಗಬೇಕಾಗುತ್ತದೆ. ಅದನ್ನು ಕೊಳ್ಳುವುದಾದರೆ ಅದೇ ದಿನದ, ಅದೇ ಊರಿನ ಟಿಕೆಟ್ ಮೊದಲು ಕೈಯಲ್ಲಿರಲಿ. ಪ್ರವಾಸದಲ್ಲಿ ಒಂದೇ ಊರಲ್ಲಿ ಎರಡು ರಾತ್ರಿ ಕಾರ್ಯಕ್ರಮವಿದ್ದಾಗ ತಾರೀಕು ಅದಲುಬದಲಾಗುವುದು ಸಾಮಾನ್ಯ ತಪ್ಪು.

ಲೆಕ್ಕ ಹಾಕುವ ಬಗೆ

ಮಾಮೂಲಿ ಟಿಕೆಟಿನ ಬೆಲೆ 100 ಎಂದಿಟ್ಟುಕೊಳ್ಳಿ. ಪ್ಯಾಕೇಜಿಗೆ 380. ಪ್ಯಾಕೇಜಿನ ಸೀಟು ಮುಂದಿನ ಸಾಲುಗಳಲ್ಲಿದೆ, ಅಂಥ ಸೀಟು ಬಿಡಿಯಾಗಿ 160ಕ್ಕೆ ಸಿಗುತ್ತದೆ. ಅದನ್ನು ಕಳೆದರೆ ಉಳಿದದ್ದು 220. ಜೊತೆಗೆ ಕೊಡುವ ಪೋಸ್ಟರ್, ಚೀಲ, ಲ್ಯಾಮಿನೇಟ್ ಕಾರ್ಡುಗಳಿಗೆ ಅಂಗಡಿಯ ಬೆಲೆ ಹಚ್ಚಬೇಡಿ. ಮಾರಾಟದ ಮೇಜಿನ ಮುಂದೆ ನಿಂತಿದ್ದರೆ ಇವುಗಳಲ್ಲಿ ಯಾವುದನ್ನು ಸ್ವಂತ ಇಚ್ಛೆಯಿಂದ ಕೊಳ್ಳುತ್ತಿದ್ದೆ ಎಂದು ಕೇಳಿಕೊಳ್ಳಿ. ಪೋಸ್ಟರ್ ಮಾತ್ರ ಎಂದಾದರೆ 25 ಕಳೆಯಿರಿ. ಉಳಿದ 195 ಭೇಟಿಯ ನಿಜವಾದ ಬೆಲೆ, ಅಂದರೆ ಹೆಚ್ಚುಕಡಿಮೆ ಇನ್ನೆರಡು ಕಾರ್ಯಕ್ರಮಗಳ ಟಿಕೆಟ್.

ಈಗ ಸಮಯದ ಲೆಕ್ಕ. ಒಟ್ಟು ಎಷ್ಟು ಪ್ಯಾಕೇಜು ಮಾರುತ್ತಾರೆ, ಭೇಟಿಗೆ ಎಷ್ಟು ಹೊತ್ತು ಇಟ್ಟಿದ್ದಾರೆ ಎಂದು ಮಾರುವವರಿಗೆ ಮಿಂಚಂಚೆ ಬರೆದು ಕೇಳಬಹುದು. ಕೆಲವರು ಉತ್ತರಿಸುತ್ತಾರೆ. 80 ಜನಕ್ಕೆ 40 ನಿಮಿಷವಿದ್ದರೆ ತಲೆಗೆ 30 ಸೆಕೆಂಡು. ಇದರಲ್ಲಿ ಚೀಲ ಕೆಳಗಿಟ್ಟು ನಡೆದು ಹೋಗುವುದು, ನಿಲ್ಲುವುದು, ಫೋಟೋ, ಆಚೆ ಸರಿಯುವುದು ಎಲ್ಲ ಸೇರಿದೆ. ಮಾತಿಗೆ ಉಳಿಯುವುದು 10ರಿಂದ 15 ಸೆಕೆಂಡು. ಅದೇ ಸಣ್ಣ ಸಭಾಂಗಣಗಳಲ್ಲಿ ಹಾಡುವ ಬ್ಯಾಂಡು 20 ಜನರಿಗೆ ಅರ್ಧ ಗಂಟೆ ಕೊಟ್ಟರೆ ಒಬ್ಬೊಬ್ಬರಿಗೂ ಒಂದೂವರೆ ನಿಮಿಷ ಸಿಗುತ್ತದೆ. ಒಂದೂವರೆ ನಿಮಿಷದಲ್ಲಿ ಮಾತು ಸಂಭಾಷಣೆಯಾಗುತ್ತದೆ. ಆದ್ದರಿಂದಲೇ ಮಧ್ಯಮ ಮಟ್ಟದ ಕಲಾವಿದರ ಪ್ಯಾಕೇಜುಗಳು ಕೊಟ್ಟ ದುಡ್ಡಿಗೆ ಹೆಚ್ಚು ಮರ್ಯಾದೆ ಉಳಿಸುತ್ತವೆ. ಇಂಥವರ ಪ್ರವಾಸದಲ್ಲಿ ಬಸ್ಸು, ಸಿಬ್ಬಂದಿ, ವಸತಿ, ಸಾಮಾನು ಸಾಗಣೆಗೆ ಟಿಕೆಟ್ ಹಣದ ಬಹುಪಾಲು ಕರಗಿಹೋಗುವುದುಂಟು. ಇಪ್ಪತ್ತು ಪ್ಯಾಕೇಜು ಮಾರಾಟವಾದರೆ ಆ ರಾತ್ರಿ ನಷ್ಟವಾಗದೆ ಉಳಿಯಬಹುದು. ತಾವು ಕೊಟ್ಟ ದುಡ್ಡು ಸಂಗೀತವನ್ನು ಮುಂದಕ್ಕೆ ನಡೆಸಲಿ ಎನ್ನುವವರಿಗೆ ಇದೂ ಒಂದು ಕಾರಣ.

ಬೇಗ ಒಳಗೆ ಬಿಡುವ ಸೌಲಭ್ಯದ ಬೆಲೆ ಸಭಾಂಗಣದ ಮೇಲೆ ನಿಂತಿದೆ. ನಿಂತು ನೋಡುವ ಕಾರ್ಯಕ್ರಮದಲ್ಲಿ ಇತರರಿಗಿಂತ ಹತ್ತು ನಿಮಿಷ ಮೊದಲು ಒಳಹೊಕ್ಕರೆ ವೇದಿಕೆಯ ಮುಂದಿನ ಕಂಬಿ ಹಿಡಿದು ನಿಲ್ಲಬಹುದು. ಇಡೀ ಎರಡು ಗಂಟೆ ಕಲಾವಿದರ ಮುಖ ಕಾಣುವ ಆ ಜಾಗ ಅರ್ಧ ನಿಮಿಷದ ಭೇಟಿಗಿಂತ ಎಷ್ಟೋ ಮೇಲು. ಬರೀ ಬೇಗ ಪ್ರವೇಶ ಕೊಡುವ ಅಗ್ಗದ ಪ್ಯಾಕೇಜು ಇದ್ದರೆ ನಿಂತು ನೋಡುವವರು ಅದನ್ನೇ ಕೊಳ್ಳಲಿ. ಸೀಟಿನ ಸಂಖ್ಯೆ ಮೊದಲೇ ನಿಗದಿಯಾಗಿದ್ದರೆ ಈ ಸೌಲಭ್ಯಕ್ಕೆ ಕಾಸಿನ ಬೆಲೆಯೂ ಇಲ್ಲ.

ಸೌಂಡ್‌ಚೆಕ್: ಇರುವುದರಲ್ಲಿ ಒಳ್ಳೆಯ ಆಯ್ಕೆ

ಸಂಗೀತವನ್ನೇ ಪ್ರೀತಿಸುವವರು ಫೋಟೋ ಸಾಲಿಗಿಂತ ಸೌಂಡ್‌ಚೆಕ್ ಪ್ಯಾಕೇಜನ್ನು ಮೊದಲು ನೋಡಬೇಕು. ಕಾರ್ಯಕ್ರಮಕ್ಕೆ ಕೆಲವು ಗಂಟೆ ಮೊದಲು ಖಾಲಿ ಸಭಾಂಗಣದಲ್ಲಿ ಎರಡು ಮೂರು ಹಾಡು ನುಡಿಸಿ ಧ್ವನಿ ಹೊಂದಿಸುವುದನ್ನು ಕೂತು ಕೇಳಬಹುದು. ಬೆಳಕಿನ ಆಟವಿಲ್ಲ, ಜನರ ಕೂಗಿಲ್ಲ. ಡ್ರಮ್ಮರ್ ಒಂದೇ ಬಡಿತವನ್ನು ಹತ್ತು ಸಲ ಬಡಿಯುವುದು, ಗಾಯಕರು ತಮ್ಮದೇ ದನಿ, ವಾದ್ಯ ಕೇಳಿಸಿಕೊಳ್ಳಲು ಹಾಕುವ ಕಿವಿಯ ಮಾನಿಟರಿನಲ್ಲಿ ಗಿಟಾರ್ ಕಡಿಮೆ ಮಾಡಿ ಎಂದು ಹೇಳುವುದು, ಹಾಡನ್ನು ನಡುವೆಯೇ ನಿಲ್ಲಿಸಿ ಮತ್ತೆ ಎತ್ತಿಕೊಳ್ಳುವುದು, ಇವೆಲ್ಲ ಕಾಣಸಿಗುತ್ತವೆ. ಕೆಲವರು ಕೊನೆಗೆ ಐದಾರು ಪ್ರಶ್ನೆಗಳಿಗೆ ಉತ್ತರವನ್ನೂ ಕೊಡುತ್ತಾರೆ.

ಇದಕ್ಕೂ ಒಂದು ದೌರ್ಬಲ್ಯವಿದೆ. ದಿನದ ಕೆಲಸ ಸರಪಳಿಯಂತೆ ಸಾಗುತ್ತದೆ: ಲಾರಿಯಿಂದ ಸಾಮಾನು ಇಳಿಯಬೇಕು, ವೇದಿಕೆ ಕಟ್ಟಬೇಕು, ಪ್ರತಿ ತಂತಿ ಮತ್ತು ಮೈಕನ್ನು ಪರೀಕ್ಷಿಸಬೇಕು, ಆಮೇಲೆ ಮುಖ್ಯ ಕಲಾವಿದರ ಸೌಂಡ್‌ಚೆಕ್, ನಂತರ ಮೊದಲು ಹಾಡುವ ಸಣ್ಣ ತಂಡದ್ದು, ಆಮೇಲೆ ಗೇಟು. ಲಾರಿ ಎರಡು ಗಂಟೆ ತಡವಾದರೆ ಗೇಟು ತೆರೆಯುವ ಹೊತ್ತು ಮುಂದೆ ಹೋಗುವುದಿಲ್ಲ, ನಡುವಿನದ್ದೇ ಕುಗ್ಗುತ್ತದೆ. ಹಾಗೆ ಮೊದಲು ಕತ್ತರಿ ಬೀಳುವುದು ಸೌಂಡ್‌ಚೆಕ್ಕಿಗೆ ಮತ್ತು ಭೇಟಿಗೆ. ಹಲವು ತಂಡಗಳು ಒಂದೇ ವೇದಿಕೆ ಹಂಚಿಕೊಳ್ಳುವ ಸಂಗೀತೋತ್ಸವಗಳಲ್ಲಿ ಹೆಚ್ಚಿನವರಿಗೆ ಪೂರ್ಣ ಸೌಂಡ್‌ಚೆಕ್ಕೇ ಇರುವುದಿಲ್ಲ. ಉತ್ಸವದಲ್ಲಿ ಇಂಥ ಪ್ಯಾಕೇಜು ಕೊಳ್ಳುವವರು ಎರಡು ಸಲ ಯೋಚಿಸಲಿ.

ಕೊಳ್ಳುವಾಗ

ಕಲಾವಿದರ ಅಧಿಕೃತ ಜಾಲತಾಣದಿಂದ ಹೊರಡಿ, ಅಲ್ಲಿನ ಕೊಂಡಿ ಹಿಡಿದೇ ಟಿಕೆಟ್ ಪುಟಕ್ಕೆ ಹೋಗಿ. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ಮೂಲಕ ಹೋದರೆ ಮರುಮಾರಾಟದ ತಾಣಕ್ಕೆ ತಲುಪುವ ಅಪಾಯವಿದೆ. ಮರುಮಾರಾಟದಲ್ಲಿ ಭೇಟಿಯ ಪ್ಯಾಕೇಜು ಕೊಳ್ಳಲೇಬೇಡಿ. ಟಿಕೆಟ್ ಇನ್ನೊಬ್ಬರ ಖಾತೆಗೆ ವರ್ಗವಾದರೂ ಭೇಟಿಯ ಪಟ್ಟಿಯಲ್ಲಿ ಮೊದಲು ಕೊಂಡವರ ಹೆಸರೇ ಉಳಿದಿರುತ್ತದೆ. ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದಾಗ ನೀವು ಹೊರಗೆ.

ಇನ್ನೂ ಕೆಟ್ಟ ಮೋಸವೊಂದಿದೆ. ಅಭಿಮಾನಿ ಗುಂಪಿನಲ್ಲಿ ಒಂದು ಟಿಪ್ಪಣಿ ಹಾಕಿದ ಮರುಗಳಿಗೆಯೇ ‘ಕಲಾವಿದರೇ’ ಖಾಸಗಿ ಸಂದೇಶ ಕಳಿಸುತ್ತಾರೆ. ಪ್ರೀತಿಯ ಮಾತಾಡುತ್ತಾರೆ, ಕೆಲವು ದಿನ ಹರಟುತ್ತಾರೆ, ಆಮೇಲೆ ‘ಅಭಿಮಾನಿ ಸದಸ್ಯತ್ವ ಕಾರ್ಡ್’ ಅಥವಾ ‘ಖಾಸಗಿ ಭೇಟಿ’ಗೆಂದು ಗಿಫ್ಟ್ ಕಾರ್ಡ್ ಇಲ್ಲವೇ ಕ್ರಿಪ್ಟೊ ಹಣ ಕೇಳುತ್ತಾರೆ. ಯಾವ ಕಲಾವಿದರೂ ಖಾಸಗಿ ಸಂದೇಶದಲ್ಲಿ ಭೇಟಿ ಮಾರುವುದಿಲ್ಲ. ಗಿಫ್ಟ್ ಕಾರ್ಡಿನಲ್ಲಿ ಹಣ ಕೇಳಿದರೆ ಅದು ವಂಚನೆಯೇ. ಒಂಟಿಯಾಗಿರುವ ಹಿರಿಯ ಅಭಿಮಾನಿಗಳು ಇದರಲ್ಲಿ ದೊಡ್ಡ ಮೊತ್ತ ಕಳೆದುಕೊಂಡಿದ್ದಾರೆ. ಮನೆಯಲ್ಲಿ ಅಂಥವರಿದ್ದರೆ ಇದನ್ನು ಅವರಿಗೆ ಬಿಡಿಸಿ ಹೇಳಿ.

ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸಿ, ತಕರಾರು ಬಂದಾಗ ಬ್ಯಾಂಕಿನ ಮೊರೆ ಹೋಗಲು ದಾರಿಯಿರುತ್ತದೆ. ಕೊಳ್ಳುವ ಕ್ಷಣದಲ್ಲೇ ಪ್ಯಾಕೇಜಿನ ಪೂರ್ಣ ವಿವರ ಮತ್ತು ಷರತ್ತುಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಆ ಪುಟ ಆಮೇಲೆ ಬದಲಾಗಬಹುದು. ಗುರುತಿನ ಚೀಟಿಯಲ್ಲಿರುವ ಹೆಸರನ್ನೇ, ಅದೇ ಕಾಗುಣಿತದಲ್ಲಿ ಕೊಡಿ. ಇಬ್ಬರು ಒಟ್ಟಿಗೆ ಹೋಗುವುದಾದರೆ ಎರಡನ್ನೂ ಒಂದೇ ಖರೀದಿಯಲ್ಲಿ ಕೊಳ್ಳಿ. ಇಬ್ಬರೂ ಒಟ್ಟಿಗೆ ಎದುರು ನಿಂತರೆ ಎರಡು ಪಾಲಿನ ಸಮಯ ಕೂಡಿಕೊಳ್ಳುವ ಸಾಧ್ಯತೆಯಿದೆ, ಆದರೆ ಫೋಟೋ ಒಂದೇ ಸಿಗಬಹುದು. ನಿಮಗೆ ಯಾವುದು ಮುಖ್ಯ ಎಂದು ಮನೆಯಲ್ಲೇ ತೀರ್ಮಾನಿಸಿ.

ಗಾಲಿಕುರ್ಚಿ ಬಳಸುವವರು, ಹೆಚ್ಚು ಹೊತ್ತು ನಿಲ್ಲಲಾಗದವರು ಕೊಂಡ ಕೂಡಲೇ ಪ್ಯಾಕೇಜ್ ಸಂಸ್ಥೆಗೂ ಸಭಾಂಗಣಕ್ಕೂ ಬೇರೆ ಬೇರೆಯಾಗಿ ಬರೆಯಬೇಕು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುತ್ತದೆಂದು ನಂಬಿ ಕೂರಬಾರದು.

ಭೇಟಿಯ ದಿನ

ಎಷ್ಟು ಹೊತ್ತಿಗೆ, ಯಾವ ಬಾಗಿಲಿಗೆ ಬರಬೇಕೆಂಬ ಸೂಚನೆ ಸಾಮಾನ್ಯವಾಗಿ ಕಾರ್ಯಕ್ರಮಕ್ಕೆ ಕೆಲವೇ ದಿನ ಮೊದಲು ಮಿಂಚಂಚೆಯಲ್ಲಿ ಬರುತ್ತದೆ. ಕಳಿಸುವವರು ಟಿಕೆಟ್ ಮಾರಿದವರಲ್ಲ, ಪ್ಯಾಕೇಜ್ ನಡೆಸುವ ಬೇರೆ ಸಂಸ್ಥೆ. ಆದ್ದರಿಂದ ಅದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಹೂತುಹೋಗುವುದು ತುಂಬ ಸಾಮಾನ್ಯ. ಮೂರು ದಿನ ಇದೆ ಎನ್ನುವಾಗಲೂ ಬರದಿದ್ದರೆ ನೀವೇ ಬರೆದು ಕೇಳಿ. ಹೇಳಿದ ಹೊತ್ತು ಕಾರ್ಯಕ್ರಮಕ್ಕಿಂತ ಮೂರು ನಾಲ್ಕು ಗಂಟೆ ಮೊದಲೇ ಇರಬಹುದು, ಕೆಲಸಕ್ಕೆ ರಜೆ ಬೇಕಾದೀತು. ತಡವಾಗಿ ಬಂದವರಿಗೆ ಭೇಟಿಯೂ ಇಲ್ಲ, ಹಣವೂ ವಾಪಸಿಲ್ಲ. ಅರ್ಧ ಗಂಟೆ ಮುಂಚೆ ತಲುಪಿ, ಟಿಕೆಟ್ ಕಿಟಕಿಯ ಬಳಿ ಹೆಸರಿನ ಪಟ್ಟಿ ಹಿಡಿದು ನಿಂತವರನ್ನು ಹುಡುಕಿ. ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ, ಕೊರಳಿಗೆ ಲ್ಯಾಮಿನೇಟ್ ಕೊಡುತ್ತಾರೆ. ಆ ಲ್ಯಾಮಿನೇಟ್ ಬರೀ ನೆನಪಿನ ಕಾಣಿಕೆ, ಅದನ್ನು ತೋರಿಸಿ ಬ್ಯಾಕ್‌ಸ್ಟೇಜಿಗೆ ಹೋಗಲಾಗದು. ಕೆಲಸ ಮಾಡುವುದು ಮಣಿಕಟ್ಟಿನ ಪಟ್ಟಿ, ಅದನ್ನು ಬಿಚ್ಚಬೇಡಿ.

ನಿಯಮಗಳು ಬಿಗಿಯಾಗಿರುತ್ತವೆ: ದೊಡ್ಡ ಚೀಲ ಬೇಡ, ಸ್ವಂತ ಫೋನಿನಲ್ಲಿ ಫೋಟೋ ಬೇಡ, ತಬ್ಬಿಕೊಳ್ಳುವುದು ಬೇಡ. ಇದನ್ನು ಜಂಬವೆಂದು ತಿಳಿಯಬಾರದು. 2014ರ ಮೇ 25ರಂದು ಜಪಾನಿನ ಎಕೆಬಿ48 ತಂಡದ ಹಸ್ತಲಾಘವ ಕಾರ್ಯಕ್ರಮದಲ್ಲಿ ಒಬ್ಬ ಗರಗಸ ಹಿಡಿದು ಬಂದು ಇಬ್ಬರು ಗಾಯಕಿಯರನ್ನೂ ಒಬ್ಬ ಸಿಬ್ಬಂದಿಯನ್ನೂ ಗಾಯಗೊಳಿಸಿದ. 2016ರ ಜೂನ್ 10ರಂದು ಅಮೆರಿಕದ ಒರ್ಲ್ಯಾಂಡೊದಲ್ಲಿ ಗಾಯಕಿ ಕ್ರಿಸ್ಟೀನಾ ಗ್ರಿಮ್ಮಿ ಕಾರ್ಯಕ್ರಮ ಮುಗಿಸಿ ಅಭಿಮಾನಿಗಳಿಗೆ ಸಹಿ ಹಾಕಿಕೊಡುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ವಯಸ್ಸು 22. ಅಭಿಮಾನಿಗಳಿಗೆ ತೋಳು ತೆರೆದು ನಿಂತವರಿಗೇ ಹಾಗಾಯಿತು. ಚೀಲ ತಪಾಸಣೆಗೆ ಹತ್ತು ನಿಮಿಷ ಹೋದರೆ ಬೇಸರ ಪಡಬೇಡಿ.

ನೆಗಡಿ, ಜ್ವರ, ಕೆಮ್ಮಿದ್ದರೆ ಹತ್ತಿರ ಹೋಗಬೇಡಿ. ಹೋಗಲೇಬೇಕೆಂದಿದ್ದರೆ ಮಾಸ್ಕ್ ಹಾಕಿ, ಕೈ ಕೊಡದೆ ನಿಲ್ಲಿ. ಒಬ್ಬ ಗಾಯಕರ ಗಂಟಲು ಕೆಟ್ಟರೆ ಮುಂದಿನ ಊರುಗಳ ಸಾವಿರಾರು ಜನರ ಟಿಕೆಟ್ ವ್ಯರ್ಥವಾಗುತ್ತದೆ.

ಆ ಅರ್ಧ ನಿಮಿಷಕ್ಕೆ ತಯಾರಿ

ಹೇಳಬೇಕಾದದ್ದನ್ನು ಎರಡೇ ವಾಕ್ಯಕ್ಕೆ ಇಳಿಸಿ, ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿ, ಗಡಿಯಾರ ಹಿಡಿಯಿರಿ. ಹತ್ತು ಸೆಕೆಂಡು ದಾಟಿದರೆ ಕತ್ತರಿಸಿ. ‘ನಾನು ನಿಮ್ಮ ದೊಡ್ಡ ಅಭಿಮಾನಿ’ ಎಂಬುದು ಅವರು ಅಂದು ಎಂಬತ್ತನೇ ಸಲ ಕೇಳುವ ಮಾತು. ಅದರ ಬದಲು ಒಂದು ಹಾಡು, ಒಂದು ಸಂದರ್ಭ ಹೇಳಿ: ‘ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮೂರು ತಿಂಗಳು ಈ ಹಾಡೇ ನಮ್ಮನ್ನು ಹಿಡಿದು ನಿಲ್ಲಿಸಿತು.’ ಇಷ್ಟು ಸಾಕು. ಉತ್ತರ ಬೇಡುವ ಪ್ರಶ್ನೆ ಕೇಳುವುದಾದರೆ ಒಂದೇ ಪದದಲ್ಲಿ ಉತ್ತರಿಸುವಂಥದ್ದು ಕೇಳಿ. ಇನ್ನೂ ಹೇಳುವುದಿದ್ದರೆ ಒಂದು ಪುಟದ ಪತ್ರ ಬರೆದು, ಲಕೋಟೆ ಅಂಟಿಸದೆ, ಅಲ್ಲಿರುವ ಸಿಬ್ಬಂದಿಯ ಕೈಗೆ ಕೊಡಿ. ತಿನ್ನುವ ವಸ್ತುಗಳನ್ನು ಕೊಡಬೇಡಿ, ಭದ್ರತೆಯವರು ಅವನ್ನು ಮುಂದಕ್ಕೆ ಬಿಡುವುದು ಕಡಿಮೆ. ಅಳು ಬಂದರೆ ಬರಲಿ, ಅವರಿಗೆ ಅದು ಹೊಸದಲ್ಲ.

ಫೋಟೋಗೆ ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು ಎಂದು ಮೊದಲೇ ತೀರ್ಮಾನಿಸಿ. ಹೆಗಲ ಮೇಲೆ ಕೈ ಹಾಕುವ ಮುಂಚೆ ‘ಹಾಕಬಹುದಾ?’ ಎಂದು ಕೇಳಿ, ಒಪ್ಪದಿದ್ದರೆ ಪಕ್ಕದಲ್ಲಿ ನಗುತ್ತ ನಿಂತರಾಯಿತು. ಕನ್ನಡಕ ಹಾಕುವವರು ಗದ್ದವನ್ನು ತುಸು ತಗ್ಗಿಸಿದರೆ ಫ್ಲ್ಯಾಶಿನ ಹೊಳಪು ಗಾಜಿನ ಮೇಲೆ ಬೀಳುವುದಿಲ್ಲ. ಛಾಯಾಗ್ರಾಹಕರು ತೆಗೆಯುವುದು ಒಂದೋ ಎರಡೋ ಚಿತ್ರ. ಕಣ್ಣು ಮುಚ್ಚಿತೆಂದು ಅನ್ನಿಸಿದರೆ ಅಲ್ಲೇ ಕೂಡಲೇ ‘ಇನ್ನೊಂದು’ ಎನ್ನಿ, ಆಚೆ ಸರಿದ ಮೇಲೆ ಆಗುವುದಿಲ್ಲ. ಚಿತ್ರಗಳ ಕೊಂಡಿ ಕೆಲವು ದಿನಗಳಲ್ಲಿ ಬರುತ್ತದೆ, ಅದಕ್ಕೆ ಗಡುವೂ ಇರುತ್ತದೆ. ಬಂದ ದಿನವೇ ಇಳಿಸಿಕೊಂಡು ಎರಡು ಕಡೆ ಉಳಿಸಿಡಿ.

ಸಹಿಗೆ ಅನುಮತಿಯಿದ್ದರೆ ಒಂದೇ ವಸ್ತು ಒಯ್ಯಿರಿ, ಮಾರ್ಕರನ್ನೂ ನೀವೇ ಒಯ್ಯಿರಿ. ತಿಳಿ ಬಣ್ಣದ ಹೊದಿಕೆಗೆ ಕಪ್ಪು ಪರ್ಮನೆಂಟ್ ಮಾರ್ಕರ್, ಕಪ್ಪು ಹೊದಿಕೆಗೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್. ಪೇಂಟ್ ಮಾರ್ಕರನ್ನು ಚೆನ್ನಾಗಿ ಕುಲುಕಿ, ಬೇರೆ ಕಾಗದದ ಮೇಲೆ ಗೀಚಿ ಶಾಯಿ ಇಳಿಸಿಕೊಂಡೇ ಕೊಡಬೇಕು, ಇಲ್ಲದಿದ್ದರೆ ಮೊದಲ ಅಕ್ಷರಕ್ಕೇ ಬೊಟ್ಟು ಬೀಳುತ್ತದೆ. ಬಾಲ್‌ಪೆನ್ನು ನುಣುಪು ಕಾಗದದ ಮೇಲೆ ಜಾರುತ್ತದೆ. ಆಲ್ಬಮ್ಮಿನ ಪ್ಲಾಸ್ಟಿಕ್ ಹೊದಿಕೆ ಮನೆಯಲ್ಲೇ ಹರಿದು, ಸಿಡಿಯ ಪುಸ್ತಿಕೆಯನ್ನು ಡಬ್ಬಿಯಿಂದ ಹೊರತೆಗೆದಿಟ್ಟು, ಸಹಿ ಹಾಕಬೇಕಾದ ಜಾಗವನ್ನು ಬೆರಳೆಣ್ಣೆ ಹೋಗುವಂತೆ ಒಣ ಬಟ್ಟೆಯಿಂದ ಒರೆಸಿಡಿ. ಗಿಟಾರಿಗೆ ಸಹಿ ಬೇಕಾದರೆ ಇಡೀ ವಾದ್ಯ ಹೊರಬೇಡಿ. ಸ್ಕ್ರೂ ಬಿಚ್ಚಿ ಪಿಕ್‌ಗಾರ್ಡ್ (ತಂತಿಗಳ ಕೆಳಗೆ ಗಿಟಾರಿನ ಮೈಗೆ ಗೀರು ಬೀಳದಂತೆ ಕೂರಿಸಿದ ಫಲಕ) ಒಂದನ್ನೇ ಒಯ್ದರೆ ಸಾಕು. ಆ ಗಿಟಾರನ್ನು ನುಡಿಸುತ್ತ ಹೋದರೆ ಕೈ ಉಜ್ಜಿ ಸಹಿ ಅಳಿಯುತ್ತದೆ, ಹಾಗಾಗಿ ಅದನ್ನು ಚೌಕಟ್ಟು ಹಾಕಿಸಿ ಇಡುವುದೇ ಮೇಲು. ಸಹಿಯ ಮೇಲೆ ರಕ್ಷಣೆಗೆಂದು ವಾರ್ನಿಷ್ ಸ್ಪ್ರೇ ಹೊಡೆಯಬೇಡಿ, ಅದರಲ್ಲಿರುವ ದ್ರಾವಕಕ್ಕೆ ಮಾರ್ಕರಿನ ಶಾಯಿ ಕರಗಿ ಹರಡುತ್ತದೆ. ಸಹಿಯಾದ ಮೇಲೆ ಐದು ನಿಮಿಷವಾದರೂ ಮುಟ್ಟದೆ ಒಣಗಲು ಬಿಡಿ, ಮನೆಯಲ್ಲಿ ನೇರ ಬಿಸಿಲು ಬೀಳದ ಗೋಡೆಗೆ ಹಾಕಿ.

ದುಡ್ಡಿಲ್ಲದೆಯೂ ಭೇಟಿ

ಮೊದಲು ಹಾಡುವ ಸಣ್ಣ ತಂಡದವರು ತಮ್ಮ ಪಾಳಿ ಮುಗಿದ ಮೇಲೆ ಟಿ-ಶರ್ಟು, ಆಲ್ಬಮ್ ಮಾರುವ ಮೇಜಿನ ಬಳಿ ತಾವೇ ನಿಲ್ಲುವುದು ವಾಡಿಕೆ. ನಾಳೆ ಅವರೇ ದೊಡ್ಡವರಾಗಬಹುದು, ಈಗ ಐದು ನಿಮಿಷ ಮಾತಿಗೆ ಸಿಗುತ್ತಾರೆ. ಸಣ್ಣ ಸಭಾಂಗಣವಾದರೆ ಮುಖ್ಯ ಕಲಾವಿದರೂ ಅಲ್ಲಿಗೆ ಬರುವುದುಂಟು, ಜನ ಚದುರುವವರೆಗೆ ಅರ್ಧ ಗಂಟೆ ಕಾಯಿರಿ. ಹೊಸ ಆಲ್ಬಮ್ ಬಂದಾಗ ರೆಕಾರ್ಡ್ ಅಂಗಡಿಗಳಲ್ಲಿ ಸಹಿ ಕಾರ್ಯಕ್ರಮ ನಡೆದರೆ ಆಲ್ಬಮ್ಮಿನ ಬೆಲೆಗೇ ಭೇಟಿ ಸಿಗುತ್ತದೆ. ದೊಡ್ಡವರಲ್ಲೂ ಕೆಲವರು ದುಡ್ಡು ತೆಗೆದುಕೊಳ್ಳದೆ ಕರೆಯುತ್ತಾರೆ: 2018ರ ಪ್ರವಾಸದಲ್ಲಿ ಟೇಲರ್ ಸ್ವಿಫ್ಟ್ ತಂಡ ಜನರ ನಡುವಿನಿಂದಲೇ ಅಭಿಮಾನಿಗಳನ್ನು ಆರಿಸಿ ‘ರೆಪ್ ರೂಮ್’ ಎಂಬ ಭೇಟಿಯ ಕೋಣೆಗೆ ಕರೆದೊಯ್ಯುತ್ತಿತ್ತು. ಕೊರಿಯಾದ ಪಾಪ್ ತಂಡಗಳ ಫ್ಯಾನ್‌ಸೈನ್, ಅಂದರೆ ಅಭಿಮಾನಿಗಳಿಗೆ ಸಹಿ ಹಾಕಿಕೊಡುವ ಕಾರ್ಯಕ್ರಮ, ಮಾತ್ರ ಬೇರೆಯೇ ಲೆಕ್ಕ. ಅಲ್ಲಿ ಆಲ್ಬಮ್ ಕೊಂಡವರಲ್ಲಿ ಲಾಟರಿ ಎತ್ತುತ್ತಾರೆ, ಹತ್ತಾರು ಪ್ರತಿ ಕೊಂಡರೂ ಹೆಸರು ಬರುವ ಖಾತ್ರಿಯಿಲ್ಲ. ಅದಕ್ಕೆ ಮೇಲ್ಮಿತಿ ಇಟ್ಟುಕೊಳ್ಳದೆ ಇಳಿಯಬೇಡಿ.

ನೀವು ವಾದ್ಯ ನುಡಿಸುವವರಾದರೆ ಆ ಕಲಾವಿದರ ಕಾರ್ಯಾಗಾರವಿದೆಯೇ ನೋಡಿ. ಡ್ರಮ್ ಅಥವಾ ಗಿಟಾರ್ ಕ್ಲಿನಿಕ್ಕಿನಲ್ಲಿ ಒಂದೆರಡು ಗಂಟೆ ಅವರು ನುಡಿಸುತ್ತಾರೆ, ಪ್ರಶ್ನೆಗೆ ಉತ್ತರಿಸುತ್ತಾರೆ, ನಿಮ್ಮ ಕೈಬೆರಳಿನ ತಪ್ಪನ್ನೂ ತಿದ್ದಬಹುದು. ಸಂಗೀತದ ಬಗ್ಗೆ ನಿಜವಾದ ಮಾತು ಬೇಕಾದವರಿಗೆ ದುಡ್ಡು ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅವರು ತಂಗಿದ ಹೋಟೆಲಿಗೆ ಹಿಂಬಾಲಿಸುವುದು, ಮನೆಯ ಮುಂದೆ ಕಾಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಭೇಟಿ ರದ್ದಾದರೆ

ಆಗುತ್ತದೆ. 2016ರ ಮಾರ್ಚಿನಲ್ಲಿ ಜಸ್ಟಿನ್ ಬೀಬರ್ ಪ್ರವಾಸದ ನಡುವೆಯೇ ಮೀಟ್ ಅಂಡ್ ಗ್ರೀಟ್‌ಗಳನ್ನು ನಿಲ್ಲಿಸಿದರು. ಅಷ್ಟೊಂದು ಜನರ ಭಾವವನ್ನು ದಿನವೂ ಹೊತ್ತು ತಾವು ಕುಸಿಯುತ್ತಿರುವುದಾಗಿ ಹೇಳಿಕೊಂಡರು. ಕಲಾವಿದರ ಮೇಲೆ ಸಿಟ್ಟು ಬೇಡ, ಆದರೆ ಹಣ ನಿಮ್ಮದು.

ಭೇಟಿ ಮಾತ್ರ ರದ್ದಾಗಿ ಹಾಡುಗಾರಿಕೆ ನಡೆದರೆ, ಅಲ್ಲೇ ಪಟ್ಟಿ ಹಿಡಿದವರಿಂದ ಲಿಖಿತವಾಗಿ, ಕನಿಷ್ಠ ಮಿಂಚಂಚೆಯಲ್ಲಿ, ಭೇಟಿ ನಡೆಯಲಿಲ್ಲವೆಂಬ ಮಾತು ಪಡೆಯಿರಿ. ಎರಡು ಮೂರು ದಿನದೊಳಗೆ ಪ್ಯಾಕೇಜ್ ಸಂಸ್ಥೆಗೆ ಬರೆಯಿರಿ: ಖರೀದಿ ಸಂಖ್ಯೆ, ತಾರೀಕು, ಸ್ಕ್ರೀನ್‌ಶಾಟ್, ಅದರಲ್ಲಿ ಯಾವ ಅಂಶ ಸಿಗಲಿಲ್ಲ ಎಂಬ ಒಂದು ವಾಕ್ಯ, ಎಷ್ಟು ಹಣ ಬೇಕೆಂಬ ಸಂಖ್ಯೆ. ಪೂರ್ತಿ ಹಣ ಕೇಳಿದರೆ ‘ಕಾರ್ಯಕ್ರಮ ನೋಡಿದ್ದೀರಲ್ಲ’ ಎಂದು ತಳ್ಳಿಹಾಕುತ್ತಾರೆ. ಪ್ಯಾಕೇಜಿಗೂ ಅದೇ ಸೀಟಿನ ಬಿಡಿ ಬೆಲೆಗೂ ಇರುವ ವ್ಯತ್ಯಾಸ ಕೇಳಿ, ಮೇಲಿನ ಲೆಕ್ಕದಲ್ಲಿ ಅದು 220. ‘ಭೇಟಿ ಬದಲಾಗಬಹುದು’ ಎಂಬ ಷರತ್ತು ತೋರಿಸಿದರೆ, ಬದಲಿಗೆ ಏನು ಕೊಟ್ಟಿರಿ ಎಂದು ಕೇಳಿ. ಉತ್ತರ ಬರದಿದ್ದರೆ ಟಿಕೆಟ್ ಮಾರಿದವರಿಗೆ, ಅಲ್ಲಿಯೂ ಆಗದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಸಲ್ಲಿಸಿ. ಬ್ಯಾಂಕಿನ ಗಡುವು ಎಷ್ಟೆಂದು ಮೊದಲ ದಿನವೇ ಕೇಳಿಟ್ಟುಕೊಂಡಿರಿ. ಕಾರ್ಯಕ್ರಮವೇ ಮುಂದೂಡಿದ್ದರೆ ಪ್ಯಾಕೇಜು ತಾನಾಗಿ ಹೊಸ ತಾರೀಕಿಗೆ ವರ್ಗವಾಗುತ್ತದೆ. ಹೊಸ ತಾರೀಕು ಹೊಂದದಿದ್ದರೆ ಹಣ ವಾಪಸ್ ಕೇಳಲು ಸಿಗುವುದು ಚಿಕ್ಕ ಗಡುವು, ಪ್ರಕಟಣೆ ಬಂದ ದಿನವೇ ಅರ್ಜಿ ಹಾಕಿ.